ಜಿಂಗಲಪ್ಪ ರಾತ್ರಿ ಎಲ್ಲಿಗೆ ಹೋಗಿದ್ದ?

ಬೆಳಗಿನ ಜಾವ ಮೂರು ಗಂಟೆ. ಅಮೆರಿಕದ ಅಟ್ಲಾಂಟಾ ನಗರದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ, ಅಡುಗೆಕಟ್ಟೆಯ ಮೇಲೆ ಎರಡು ಹಿಡಿ ಮೈದಾ ಸುರಿದು ಅಂಗೈಯಲ್ಲಿ ಸವರಿ ಸಮ ಮಾಡಿದೆ. ಕೆಂಪು ಅಂಗಿ, ಕೆಂಪು ಚೂಪು ಟೋಪಿ ತೊಟ್ಟ, ಗೇಣಿಗಿಂತ ತುಸು ಉದ್ದದ ಗೊಂಬೆಯೊಂದನ್ನು ಅದರ ಮೇಲೆ ಅಂಗಾತ ಮಲಗಿಸಿ ಕೈಕಾಲುಗಳನ್ನು ಅತ್ತಿತ್ತ ಆಡಿಸಿದೆ. ಕೈ ಸರಿದಲ್ಲಿ ರೆಕ್ಕೆ ಮೂಡಿತು, ಕಾಲು ಸರಿದಲ್ಲಿ ಲಂಗದ ನೆರಿಗೆ. ಹಿಮ ಬೀಳುವ ಊರುಗಳ ಮಕ್ಕಳು ಬಯಲಿನಲ್ಲಿ ಹೀಗೆ ಮಲಗಿ ದೇವದೂತರ ಅಚ್ಚು ಮೂಡಿಸುತ್ತಾರೆ. ಅಟ್ಲಾಂಟಾದಲ್ಲಿ ಹಿಮ ಅಪರೂಪ. ಮೈದಾ ಎಲ್ಲ ಅಡುಗೆಮನೆಯಲ್ಲೂ ಇರುತ್ತದೆ.

ಬೆಂಗಳೂರಿಗೂ ಅಲ್ಲಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ. ಹೋದ ಮೊದಲ ವಾರ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಗಳು ದಿನವಿಡೀ ದುಡಿದು ದಣಿದಿರುತ್ತಿದ್ದಳು. "ಅಮ್ಮಾ, ಹೇಗೂ ಎದ್ದೇ ಇರ್ತೀಯಲ್ಲ, ಜಿಂಗಲ್‌ನ ಸ್ವಲ್ಪ ಜಾಗ ಬದಲಿಸ್ತೀಯಾ?" ಎಂದಳು. ಹೀಗೆ ಆ ಕೆಲಸ ನನ್ನ ಪಾಲಿಗೆ ಬಂತು. ಆ ಗೊಂಬೆಗೆ ಮಕ್ಕಳು ಇಟ್ಟ ಹೆಸರು ಜಿಂಗಲ್. ನಾನು ಕರೆದದ್ದು ಜಿಂಗಲಪ್ಪ. ಎರಡು ದಿನದಲ್ಲಿ ಮಕ್ಕಳೂ ಹಾಗೆಯೇ ಕರೆಯತೊಡಗಿದರು.

ಆರೂವರೆಗೆ ಐದು ವರ್ಷದ ಮೊಮ್ಮಗ ಮೆಟ್ಟಿಲಿಳಿದು ಬಂದ. ಕಟ್ಟೆಯ ಮೇಲಿನ ಬಿಳಿ ಹಾಸು, ಅದರೊಳಗೆ ಮಲಗಿದ ಕೆಂಪು ಗೊಂಬೆ, ಸುತ್ತ ರೆಕ್ಕೆ. ಎರಡೂ ಕೈಯನ್ನು ತಟ್ಟನೆ ಬೆನ್ನ ಹಿಂದೆ ಕಟ್ಟಿಕೊಂಡ. ಮುಟ್ಟಬಾರದೆಂಬ ನಿಯಮ ಅವನಿಗೆ ಗೊತ್ತು. ತುದಿಗಾಲಲ್ಲಿ ನಿಂತು ಬಹಳ ಹೊತ್ತು ನೋಡಿ, ಕೊನೆಗೆ ಮೆಲ್ಲನೆ ಕೇಳಿದ: "ಅಜ್ಜೀ, ಅವನಿಗೆ ಚಳಿ ಆಗಿಲ್ವಾ?"

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಒಂದು ಮಗುವಿನ ಬಾಯಿಂದ ಅಂಥ ಪ್ರಶ್ನೆ ಹೊರಡಿಸಲು ಎಷ್ಟು ಕಷ್ಟಪಡಬೇಕೆಂದು ನನಗೆ ಗೊತ್ತು. ಆ ರಾತ್ರಿ ಮಲಗುವ ಮುಂಚೆ ಅವನು ತನ್ನದೊಂದು ಕಾಲುಚೀಲವನ್ನು ಜಿಂಗಲಪ್ಪನ ಪಕ್ಕ ಇಟ್ಟು ಹೋದ. ಹೊದಿಕೆಗೆ.

ಅಮೆರಿಕ, ಕೆನಡಾ, ಬ್ರಿಟನ್ನಿನ ಲಕ್ಷಾಂತರ ಮನೆಗಳಲ್ಲಿ ಡಿಸೆಂಬರ್ ತುಂಬ ನಡೆಯುವ ಆಟ ಇದು. ಹೆಸರು 'ದಿ ಎಲ್ಫ್ ಆನ್ ದ ಶೆಲ್ಫ್'. ಎಲ್ಫ್ ಎನ್ನುವುದಕ್ಕೆ ಸರಿಹೊಂದುವ ಕನ್ನಡ ಪದ ನನಗೆ ಸಿಗಲಿಲ್ಲ. ಯಕ್ಷ, ಗಂಧರ್ವ, ಕಿನ್ನರ ಯಾರೂ ಇಷ್ಟು ಪುಟ್ಟವರಲ್ಲ, ಇಷ್ಟು ತುಂಟರೂ ಅಲ್ಲ. ಎಲ್ಫ್ ಎಂದೇ ಇರಲಿ. ಕ್ರಿಸ್ಮಸ್ ತಾತ ಸಾಂಟಾ ಕ್ಲಾಸ್‌ನ ಕಾರ್ಖಾನೆಯಲ್ಲಿ ಆಟಿಕೆ ಮಾಡುವ ಕುಳ್ಳ ಕೆಲಸಗಾರರು ಇವರು. ಕ್ರಿಸ್ಮಸ್ಸಿಗೆ ಕೆಲವು ವಾರ ಮುಂಚೆ ಅವರಲ್ಲೊಬ್ಬ ಮನೆಗೆ ಬಂದು ಕಪಾಟಿನ ಮೇಲೆ ಕೂರುತ್ತಾನೆ. ಮಕ್ಕಳು ಅವನಿಗೆ ಹೆಸರಿಡಬೇಕು. ಹೆಸರಿಟ್ಟರೆ ಅವನಿಗೆ ಮಾಯಾಶಕ್ತಿ ಬರುತ್ತದೆ. ಮಕ್ಕಳ ಕಣ್ಣೆದುರು ಅವನು ಅಲುಗಾಡುವುದಿಲ್ಲ, ಮಾತಾಡುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಉತ್ತರ ಧ್ರುವಕ್ಕೆ ಹಾರಿಹೋಗಿ, ಈ ಮನೆಯ ಮಕ್ಕಳು ಇಂದು ಹೇಗಿದ್ದರು ಎಂದು ಸಾಂಟಾಗೆ ಹೇಳಿ, ಬೆಳಗಾಗುವುದರೊಳಗೆ ಮರಳಿ ಬಂದು ಬೇರೊಂದು ಕಡೆ ಕೂತಿರುತ್ತಾನೆ. ಎಲ್ಲಿ ಕೂತಿದ್ದಾನೆ, ರಾತ್ರಿ ಏನೇನು ಕಿತಾಪತಿ ಮಾಡಿದ್ದಾನೆ ಎಂದು ಹುಡುಕುವುದೇ ಬೆಳಗಿನ ಸಂಭ್ರಮ. ಡಿಸೆಂಬರ್ 24ರ ರಾತ್ರಿ ಸಾಂಟಾ ಜೊತೆಗೇ ಹೊರಟುಹೋಗುತ್ತಾನೆ.

ಈ ಆಟ ಹುಟ್ಟಿದ್ದು ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲೇ. ಕ್ಯಾರೊಲ್ ಎಬರ್‌ಸೋಲ್ಡ್ ಎಂಬ ತಾಯಿ ತನ್ನ ಮಕ್ಕಳು ಚಿಕ್ಕವರಿದ್ದಾಗ ಮನೆಯಲ್ಲಿದ್ದ ಫಿಸ್ಬಿ ಎಂಬ ಎಲ್ಫ್ ಗೊಂಬೆಯನ್ನು ಹೀಗೆ ಆಡಿಸುತ್ತಿದ್ದರು. ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಮಗಳು ಚಂದಾ ಬೆಲ್ ಜೊತೆ ಸೇರಿ ಅದನ್ನೇ ಪ್ರಾಸಬದ್ಧ ಪದ್ಯವಾಗಿ ಬರೆದರು. ಪ್ರಕಾಶಕರು ಬೇಡವೆಂದರು. ಆಗ ಚಂದಾಳ ಅವಳಿ ಸೋದರಿ ಕ್ರಿಸ್ಟಾ ಪಿಟ್ಸ್ ಟಿವಿ ಶಾಪಿಂಗ್ ವಾಹಿನಿಯ ಕೆಲಸ ಬಿಟ್ಟು ಬಂದು ಜೊತೆಗೂಡಿದರು. 2005ರಲ್ಲಿ ಮೂವರೂ ಸೇರಿ ಪುಸ್ತಕ ಮತ್ತು ಗೊಂಬೆಯನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ತಾವೇ ಹೊರತಂದರು. ಮೇಳಗಳಲ್ಲಿ ಮೇಜು ಹಾಕಿ ಮಾರಿದರು. 2011ರಲ್ಲಿ ಅದರ ಕಾರ್ಟೂನ್ ಚಿತ್ರ ಸಿಬಿಎಸ್ ವಾಹಿನಿಯಲ್ಲಿ ಬಂತು. 2012ರಲ್ಲಿ ನ್ಯೂಯಾರ್ಕಿನ ಮೇಸೀಸ್ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಯಲ್ಲಿ ಈ ಎಲ್ಫ್‌ನ ದೈತ್ಯ ಬಲೂನು ತೇಲಿತು. ಒಂದು ಮನೆಯ ತಾಯಿ ಮಕ್ಕಳ ಆಟ ಏಳು ವರ್ಷದಲ್ಲಿ ದೇಶದ ಹಬ್ಬದಾಚಾರವಾಯಿತು. ಈಗ ಆ ಪೆಟ್ಟಿಗೆಗೆ ಸುಮಾರು 30 ಡಾಲರ್. ಗೊಂಬೆಗೆ ಬೇರೆ ಬೇರೆ ಅಂಗಿ, ಸಾಕುಪ್ರಾಣಿ, ಪೀಠೋಪಕರಣ ಎಂದು ವ್ಯಾಪಾರ ಬೆಳೆಯುತ್ತಲೇ ಇದೆ.

ಆದರೆ ಗೊಂಬೆಯ ಚಹರೆ ಅದಕ್ಕಿಂತ ಹಳೆಯದು. 1950, 60ರ ದಶಕಗಳಲ್ಲಿ ಜಪಾನಿನಿಂದ ಅಮೆರಿಕಕ್ಕೆ ಮೊಣಕಾಲು ತಬ್ಬಿಕೊಂಡು ಕೂತ ಪುಟ್ಟ ಎಲ್ಫ್‌ಗಳು ಬರುತ್ತಿದ್ದವು. ಫೆಲ್ಟ್ ಬಟ್ಟೆಯ ಮೈ, ಓರೆಗಣ್ಣು, ಚೂಪು ಟೋಪಿ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಅವನ್ನು ಜನ ಕ್ರಿಸ್ಮಸ್ ಗಿಡಕ್ಕೆ ಸಿಕ್ಕಿಸುತ್ತಿದ್ದರು. ಇಂದಿನ ಗೊಂಬೆ ಕೂರುವ ಭಂಗಿಯಲ್ಲಿ, ಓರೆ ನೋಟದಲ್ಲಿ ಆ ಜಪಾನಿ ಗೊಂಬೆಯ ಹೋಲಿಕೆ ಎದ್ದು ಕಾಣುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಯುರೋಪಿನ ಉತ್ತರದ ಚಳಿನಾಡುಗಳ ಹಟ್ಟಿ, ಕೊಟ್ಟಿಗೆಗಳಿಗೆ ಹೋಗಿ ಮುಟ್ಟುತ್ತೇವೆ. ನನಗೆ ಬಹಳ ಹಿಡಿಸಿದ್ದು ಈ ಭಾಗ. ಡೆನ್ಮಾರ್ಕ್, ನಾರ್ವೆಗಳಲ್ಲಿ ನಿಸ್ಸೆ, ಸ್ವೀಡನ್ನಿನಲ್ಲಿ ತೊಮ್ತೆ, ಫಿನ್ಲೆಂಡಿನಲ್ಲಿ ತೊಂತ್ತು ಎಂದು ಕರೆಯುವ ಕುಳ್ಳ, ಗಡ್ಡದ ಮನೆಕಾವಲಿನವನು ಅಲ್ಲಿನ ರೈತರ ನಂಬಿಕೆಯಲ್ಲಿ ನೂರಾರು ವರ್ಷಗಳಿಂದ ಇದ್ದಾನೆ. ಅವನು ಕೊಟ್ಟಿಗೆಯಲ್ಲಿದ್ದುಕೊಂಡು ದನಕರು ನೋಡಿಕೊಳ್ಳುತ್ತಾನೆ. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಅವನಿಗೆ ಅಕ್ಕಿಯ ಗಂಜಿ ಇಡಬೇಕು, ಮೇಲೆ ಒಂದು ಮುದ್ದೆ ಬೆಣ್ಣೆ. ಒಂದು ಮನೆಯ ಕೆಲಸದ ಹುಡುಗಿ ತಮಾಷೆಗೆಂದು ಬೆಣ್ಣೆಯನ್ನು ಬಟ್ಟಲಿನ ತಳದಲ್ಲಿಟ್ಟು ಮೇಲೆ ಗಂಜಿ ಹೊಯ್ದಳಂತೆ. ಬೆಣ್ಣೆ ಕಾಣದೆ ಸಿಟ್ಟಿಗೆದ್ದ ನಿಸ್ಸೆ ಕೊಟ್ಟಿಗೆಗೆ ಹೋಗಿ ಹಸುವನ್ನು ಕೊಂದುಹಾಕಿದ. ಆಮೇಲೆ ಹಸಿವಾಗಿ ಗಂಜಿ ಉಣ್ಣಲು ಕೂತರೆ ತಳದಲ್ಲಿ ಬೆಣ್ಣೆ! ಮನಸ್ಸು ತಡೆಯದೆ, ಅಂಥದ್ದೇ ಬಣ್ಣದ ಹಸುವೊಂದನ್ನು ರಾತ್ರೋರಾತ್ರಿ ನೆರೆಯ ಊರಿನಿಂದ ಹೊಡೆದುಕೊಂಡು ಬಂದು ಕಟ್ಟಿದನಂತೆ. ನಮ್ಮ ಕಡೆ ಭೂತಕ್ಕೆ, ಚೌಡಿಗೆ ಎಡೆ ಇಡುವುದು ತಪ್ಪಿದರೆ ಏನಾಗುತ್ತದೆಂದು ಹಿರಿಯರು ಹೇಳುತ್ತಿದ್ದ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ನಿಸ್ಸೆ ಅಪರಿಚಿತನೆನಿಸುವುದಿಲ್ಲ.

ಕೊಟ್ಟಿಗೆಗಳು ಹೋಗಿ ಫ್ಲ್ಯಾಟುಗಳು ಬಂದ ಮೇಲೆ ಡೆನ್ಮಾರ್ಕಿನಲ್ಲಿ ನಿಸ್ಸೆ ಮಕ್ಕಳ ಜೊತೆಗಾರನಾದ. ಡಿಸೆಂಬರ್ ಬಂತೆಂದರೆ ಗೋಡೆಯ ಬುಡಕ್ಕೆ ಅಂಗೈಯಗಲದ ಮರದ ಬಾಗಿಲು ಅಂಟಿಸುತ್ತಾರೆ. ನಿಸ್ಸೆ ಓಡಾಡುವ ಬಾಗಿಲು. ರಾತ್ರಿ ಅವನು ಬಂದು ಹಾಲಿಗೆ ಬಣ್ಣ ಬೆರೆಸುತ್ತಾನೆ, ಚಪ್ಪಲಿ ಅದಲುಬದಲು ಮಾಡುತ್ತಾನೆ. ಬೆಳಿಗ್ಗೆ ಕಾಣುವುದು ಮುಚ್ಚಿದ ಬಾಗಿಲು ಮತ್ತು ಅವನು ಮಾಡಿಟ್ಟ ಗಲಾಟೆ ಮಾತ್ರ. ಅವನು ಕಾಣುವುದಿಲ್ಲ. ಐಸ್‌ಲೆಂಡಿನಲ್ಲಂತೂ ಹದಿಮೂರು ಮಂದಿ ತುಂಟರು, ಗ್ರಿಲಾ ಎಂಬ ರಾಕ್ಷಸಿಯ ಮಕ್ಕಳು. ಡಿಸೆಂಬರ್ 12ರಿಂದ ದಿನಕ್ಕೊಬ್ಬರಂತೆ ಬೆಟ್ಟದಿಂದಿಳಿದು ಬರುತ್ತಾರೆ. ಒಬ್ಬ ಸೌಟು ನೆಕ್ಕುವವ, ಒಬ್ಬ ಬಾಗಿಲು ಬಡಿಯುವವ, ಒಬ್ಬ ಕಿಟಕಿಯಲ್ಲಿ ಇಣುಕುವವ, ಒಬ್ಬ ಮೇಣದಬತ್ತಿ ಕದಿಯುವವ. ಮಕ್ಕಳು ಕಿಟಕಿಯಲ್ಲಿ ಬೂಟು ಇಟ್ಟು ಮಲಗುತ್ತಾರೆ. ಒಳ್ಳೆಯ ಮಗುವಿಗೆ ಸಿಹಿ, ಹಟಮಾರಿಗೆ ಆಲೂಗಡ್ಡೆ. ಹಿಂದೆ ಈ ಹದಿಮೂರು ಮಂದಿ ಎಷ್ಟು ಭೀಕರರಾಗಿದ್ದರೆಂದರೆ, ಅವರ ಹೆಸರು ಹೇಳಿ ಮಕ್ಕಳನ್ನು ಹೆದರಿಸಕೂಡದೆಂದು 1746ರಲ್ಲಿ ರಾಜಾಜ್ಞೆಯೇ ಹೊರಟಿತು. ಹೆದರಿದ ಮಕ್ಕಳ ಪರವಾಗಿ ಸರ್ಕಾರವೊಂದು ಇನ್ನೂರ ಎಂಬತ್ತು ವರ್ಷಗಳ ಹಿಂದೆ ನಿಂತಿತ್ತೆಂಬುದು ನನಗೆ ದೊಡ್ಡ ಸಂಗತಿಯಾಗಿ ಕಂಡಿತು. ಮಕ್ಕಳ ಭಯದ ಮಾತಿಗೆ ಮತ್ತೆ ಬರುತ್ತೇನೆ.

ಈಗ ಅಡುಗೆಮನೆಗೆ ಬರೋಣ. ರಾತ್ರಿ ಕೆಲಸ ಹೇಗೆ ನಡೆಯುತ್ತದೆಂದು ಹೇಳಬೇಕು. ಮೊದಲ ದಿನ ನಾನು ಅವನನ್ನು ಸುಮ್ಮನೆ ಕಿಟಕಿಯಿಂದ ಫ್ರಿಡ್ಜಿನ ಮೇಲಕ್ಕೆ ಎತ್ತಿಟ್ಟೆ. ಮಕ್ಕಳು ಹುಡುಕಿದರು, ಸಿಕ್ಕಿತು, ಮುಗಿಯಿತು. ಎರಡನೇ ದಿನ ಫ್ರಿಡ್ಜಿನೊಳಗೆ ಹಾಲಿನ ಡಬ್ಬಿ, ಕಿತ್ತಳೆ, ಮೊಟ್ಟೆಗಳಿಗೆಲ್ಲ ಕಾಗದದ ಕಣ್ಣು ಅಂಟಿಸಿ, ಅವುಗಳ ನಡುವೆ ಜಿಂಗಲಪ್ಪನನ್ನು ಮೇಷ್ಟ್ರಂತೆ ನಿಲ್ಲಿಸಿದೆ. ಮೊಮ್ಮಗ ಆ ದಿನ ಮೊಟ್ಟೆ ತಿನ್ನಲು ಒಪ್ಪಲಿಲ್ಲ, ಅದು ಅವನನ್ನೇ ನೋಡುತ್ತಿದೆಯಂತೆ. ಎರಡು ದಿನದಲ್ಲಿ ನಾನು ಕಲಿತದ್ದು ಇಷ್ಟು: ಗೊಂಬೆ ಎಲ್ಲಿದೆ ಎನ್ನುವುದಕ್ಕಿಂತ ಗೊಂಬೆ ಏನು ಮಾಡುತ್ತಿತ್ತು ಎನ್ನುವುದು ಮಕ್ಕಳಿಗೆ ಮುಖ್ಯ. ಕೆಲಸ ಅರ್ಧದಲ್ಲಿ ನಿಂತಂತೆ ಕಾಣಬೇಕು. ಯಾರೋ ಬರುವ ಸದ್ದು ಕೇಳಿ ಅವನು ಹಾಗೇ ಕಲ್ಲಾದಂತೆ ಇರಬೇಕು.

ಅಮೆರಿಕದ ತಾಯಂದಿರು ಕಟ್ಟುವ ದೃಶ್ಯಗಳಲ್ಲಿ ಕೆಲವು ಈಗ ಎಲ್ಲರ ಮನೆಯ ಪಾಠದಂತಾಗಿವೆ. ಬಟ್ಟಲು ತುಂಬ ಮಾರ್ಷ್‌ಮ್ಯಾಲೋ ಸುರಿದು ಅದರಲ್ಲಿ ಎಲ್ಫ್‌ಗೆ ಸ್ನಾನ. ಮೆಟ್ಟಿಲ ಕಂಬದಿಂದ ಕ್ರಿಸ್ಮಸ್ ಗಿಡಕ್ಕೆ ದಾರ ಕಟ್ಟಿ, ಕೊಂಕಿಯಂತೆ ಬಾಗಿದ ಮಿಠಾಯಿ ಕಡ್ಡಿಯನ್ನು ಹಿಡಿದು ಅವನು ಜಾರಿಬರುವುದು. ಸಿಂಕಿನ ನೀರಿನಲ್ಲಿ ಮೀನಿನಾಕಾರದ ಬಿಸ್ಕತ್ತು ತೇಲಿಬಿಟ್ಟು ಗಾಳ ಹಾಕಿ ಕೂರುವುದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಿತ್ತನೆಯ ಆಟ: ಬಳೆಯಂತಿರುವ ಸಣ್ಣ ಚೀರಿಯೋಸ್ ಕಾಳುಗಳನ್ನು ಸಕ್ಕರೆ ತುಂಬಿದ ಬಟ್ಟಲಲ್ಲಿ ಬಿತ್ತಿಸಿ, ಇವು ಡೋನಟ್ ಬೀಜ ಎಂದು ಚೀಟಿ ಇಡುವುದು. ಮರುದಿನ ಬೆಳಿಗ್ಗೆ ಅದೇ ಬಟ್ಟಲಲ್ಲಿ ನಿಜವಾದ ಡೋನಟ್‌ಗಳು ಮೊಳೆತು ನಿಂತಿರುತ್ತವೆ. ಎರಡು ದಿನದ ಕಥೆ. ಮಗು ನಡುವಿನ ಹಗಲೆಲ್ಲ ಕಾಯುತ್ತದೆ, ಮತ್ತೆ ಮತ್ತೆ ಹೋಗಿ ಮೊಳಕೆ ಬಂತೇ ಎಂದು ನೋಡುತ್ತದೆ.

ಕನ್ನಡದ ಅಡುಗೆಮನೆಯಲ್ಲಿ ಇನ್ನೂ ಬಗೆಬಗೆಯ ಸಾಮಾನು ಸಿಗುತ್ತವೆ. ಇಡ್ಲಿ ತಟ್ಟೆಗಳ ಸ್ಟ್ಯಾಂಡು ಅವನ ರಾಕೆಟ್ ಆಯಿತು. ಕೆಳಗಿನ ತಟ್ಟೆಯಲ್ಲಿ ಲೆಗೊ ಮನುಷ್ಯರು ಪ್ರಯಾಣಿಕರು, ತುದಿಯಲ್ಲಿ ಜಿಂಗಲಪ್ಪ ಚಾಲಕ. ಕಡ್ಲೆಪುರಿ ಹಿಮದ ಮಳೆಯಾಯಿತು. ಒಗ್ಗರಣೆ ಡಬ್ಬಿಯ ಏಳು ಬಟ್ಟಲುಗಳ ನಡುವೆ ಅವನನ್ನು ಕೂರಿಸಿ, ಸಾಸಿವೆ ಮತ್ತು ಕಡ್ಲೆಬೇಳೆಯಿಂದ ಅಳಗುಳಿಮಣೆ ಆಡುತ್ತಿರುವಂತೆ ಮಾಡಿದ ದಿನ ಮಕ್ಕಳು ನನ್ನನ್ನು ಎಳೆದು ಕೂರಿಸಿ ಆ ಆಟ ಹೇಳಿಕೊಡು ಎಂದರು. ಶನಿವಾರದ ಒಂದಿಡೀ ಬೆಳಗು ಮೊಟ್ಟೆಯ ಟ್ರೇಯನ್ನೇ ಮಣೆ ಮಾಡಿಕೊಂಡು ಆಡಿದೆವು.

ನಾಲ್ಕನೆಯದೋ ಐದನೆಯದೋ ರಾತ್ರಿ, ಹಿತ್ತಿಲ ಬಾಗಿಲಿನಿಂದ ಬಿಸ್ಕತ್ತಿನ ಡಬ್ಬಿಯವರೆಗೆ ಅವನ ಪುಟ್ಟ ಹೆಜ್ಜೆ ಮೂಡಿಸೋಣವೆನಿಸಿತು. ಹಿಟ್ಟಿನಲ್ಲಿ ಬೆರಳದ್ದಿ ನೆಲಕ್ಕೆ ಬಗ್ಗಿದಾಗ ಕೈ ತಾನಾಗಿಯೇ ಮುಷ್ಟಿ ಕಟ್ಟಿತು. ಮೈಸೂರಿನ ಮನೆಯಲ್ಲಿ ಗೋಕುಲಾಷ್ಟಮಿಯ ಮುಂಜಾನೆ ನಾನು ಮಾಡುತ್ತಿದ್ದ ಕೆಲಸವಿದು. ಮುಷ್ಟಿಯ ಕಿರುಬೆರಳ ಕಡೆಯ ಅಂಚನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ಒತ್ತಿದರೆ ಅಂಗಾಲು, ಮೇಲೆ ಐದು ಚುಕ್ಕಿ ಇಟ್ಟರೆ ಬೆರಳು. ಎಡ, ಬಲ, ಎಡ, ಬಲ. ಹೊಸ್ತಿಲಿನಿಂದ ಅಡುಗೆಮನೆಯ ಬೆಣ್ಣೆಯ ಗಡಿಗೆಗೆ, ಅಲ್ಲಿಂದ ದೇವರ ಮನೆಗೆ. ಈಗ ಮೇಲಿನ ಕೋಣೆಯಲ್ಲಿ ಮಲಗಿರುವ ಈ ಮಗಳು ಆಗ ನಾಲ್ಕು ವರ್ಷದವಳು, ಆ ಹೆಜ್ಜೆಗಳ ಪಕ್ಕ ತನ್ನ ಪಾದ ಇಟ್ಟು ಅಳೆದು, "ಕೃಷ್ಣ ನನಗಿಂತ ಚಿಕ್ಕವನು" ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅಟ್ಲಾಂಟಾದ ಟೈಲ್ಸಿನ ಮೇಲೆ ಅದನ್ನೇ ಹೆಬ್ಬೆರಳ ಗಾತ್ರಕ್ಕೆ ಇಳಿಸಿ ಒತ್ತಿದೆ. ಬೆಳಿಗ್ಗೆ ಮಕ್ಕಳು ಕೂಗಾಡುತ್ತ ಹೆಜ್ಜೆಯ ಜಾಡು ಹಿಡಿದರೆ, ಮಗಳು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. "ಅಮ್ಮಾ, ಇದು ನಮ್ಮ ಕೃಷ್ಣನ ಕಾಲು" ಎಂದಳು, ನನಗಷ್ಟೇ ಕೇಳುವಂತೆ.

ಗೊಂಬೆಯನ್ನು ಜೀವವಿರುವಂತೆ ನಡೆಸಿಕೊಳ್ಳುವುದು ನಮಗೆ ಹೊಸದಲ್ಲ. ದಸರೆಯಲ್ಲಿ ಗೊಂಬೆ ಕೂರಿಸಿದವರು ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನು ಮಲಗಿಸಿದ ಮೇಲೆಯೇ ಪೆಟ್ಟಿಗೆ ತುಂಬುವುದು. ಮಂಗಳೂರಿನ ಕ್ರೈಸ್ತ ಗೆಳತಿಯ ಮನೆಯಲ್ಲಿ ಗೋದಲಿ ಕಟ್ಟಿದ ದಿನದಿಂದ ಬಾಲಯೇಸುವಿನ ಹುಲ್ಲಿನ ಹಾಸಿಗೆ ಬರಿದಾಗಿಯೇ ಇರುತ್ತದೆ. ಮರಿಯಮ್ಮ, ಜೋಸೆಫ್, ಕುರಿ, ದನ ಎಲ್ಲ ಕಾಯುತ್ತಿರುತ್ತವೆ. 24ರ ನಡುರಾತ್ರಿಯ ಪೂಜೆ ಮುಗಿಸಿ ಬಂದ ಮೇಲೆ ಮಗು ಅಲ್ಲಿಗೆ ಬರುತ್ತದೆ. ಬೆಳಿಗ್ಗೆ ಎದ್ದ ಮಕ್ಕಳು ಕ್ರಿಸ್ಮಸ್ ತಿಂಡಿ ಕುಸ್ವಾರಿನ ತಟ್ಟೆಗಿಂತ ಮೊದಲು ಓಡುವುದು ಗೋದಲಿಯ ಕಡೆಗೇ. ಹಾಗೆಂದು ಎಲ್ಫ್‌ಗೂ ಗೋದಲಿಗೂ ಹೋಲಿಕೆ ಹಚ್ಚುವುದು ಸರಿಯಲ್ಲ. ಒಂದು ಭಕ್ತಿ, ಇನ್ನೊಂದು ಆಟ. ನಡುರಾತ್ರಿ ನಿದ್ದೆಗೆಟ್ಟು ಮಕ್ಕಳಿಗಾಗಿ ಗೊಂಬೆ ಇಡುವ ಕೈ ಮಾತ್ರ ಎರಡರಲ್ಲೂ ಇದೆ.

ಇಷ್ಟು ಹೊತ್ತು ಸಂತೋಷದ ಮಾತಾಯಿತು. ಮಗಳ ಮನೆಯಲ್ಲೇ ನಡೆದ ಇನ್ನೊಂದು ಸಂಗತಿ ಹೇಳಬೇಕು.

ಒಂದು ಸಂಜೆ ಮೊಮ್ಮಗ ಚೆಂಡು ಎಸೆದು ಕ್ರಿಸ್ಮಸ್ ಗಿಡದ ಗಾಜಿನ ಗುಂಡೊಂದನ್ನು ಒಡೆದ. ಯಾರೂ ನೋಡಿರಲಿಲ್ಲ. ಮಗಳು ಚೂರುಗಳನ್ನು ಕಂಡು, ಕೆಲಸದ ಆತುರದಲ್ಲಿ, "ಯಾರು ಒಡೆದದ್ದೋ ನನಗೆ ಗೊತ್ತಿಲ್ಲ, ಜಿಂಗಲ್ ನೋಡಿದಾನೆ, ಇವತ್ತು ರಾತ್ರಿ ಸಾಂಟಾಗೆ ಹೇಳ್ತಾನೆ" ಎಂದುಬಿಟ್ಟಳು. ಹುಡುಗ ಊಟ ಮಾಡಲಿಲ್ಲ. ರಾತ್ರಿ ಹನ್ನೊಂದಕ್ಕೆ ನಾನು ನೀರು ಕುಡಿಯಲು ಬಂದಾಗ ಅವನು ಕತ್ತಲಲ್ಲಿ ಕಪಾಟಿನ ಕೆಳಗೆ ಕೂತು, ಮೇಲಿದ್ದ ಗೊಂಬೆಗೆ ಬೇಡಿಕೊಳ್ಳುತ್ತಿದ್ದ. ಇವತ್ತು ಒಂದು ದಿನ ಹೋಗಬೇಡ ಎಂದು. ಹತ್ತು ದಿನದ ಹಿಂದೆ ಅದೇ ಗೊಂಬೆಗೆ ಚಳಿಯಾದೀತೆಂದು ಕಾಲುಚೀಲ ಇಟ್ಟ ಮಗು ಅದು.

ಆ ರಾತ್ರಿ ನನ್ನ ಮನಸ್ಸಿಗೆ ಬಹಳ ನೋವಾಯಿತು. ಮಗಳ ಮೇಲೆ ಸಿಟ್ಟಲ್ಲ. ಆಟದ ಒಳಗೇ ಆ ಮಾತು ಇದೆ. ಪೆಟ್ಟಿಗೆಯಲ್ಲಿ ಬಂದ ಪುಸ್ತಕವೇ ಅವನನ್ನು ಸಾಂಟಾನ ಕಣ್ಣು ಕಿವಿ ಮಾಡಿ ಕಳಿಸಿದೆ. ಫಿನ್ಲೆಂಡಿನ ತೊಂತ್ತುಗಳೂ ಡಿಸೆಂಬರಿನಲ್ಲಿ ಕಿಟಕಿಯಿಂದ ಇಣುಕಿ ಮಕ್ಕಳು ಹೇಗಿದ್ದಾರೆಂದು ನೋಡುತ್ತವಂತೆ, ಆದರೆ ಅವು ಹೊರಗಿರುತ್ತವೆ. ಇವನು ಮಲಗುವ ಕೋಣೆಯವರೆಗೆ ಬರುತ್ತಾನೆ.

ಕೆನಡಾದ ಲಾರಾ ಪಿಂಟೊ ಮತ್ತು ಸೆಲೆನಾ ನೆಮೊರಿನ್ ಎಂಬ ಇಬ್ಬರು ಶಿಕ್ಷಣ ಸಂಶೋಧಕಿಯರು 2014ರಲ್ಲಿ ಇದೇ ಮಾತನ್ನು ಬರೆದಿದ್ದರು. ಇಪ್ಪತ್ನಾಲ್ಕು ಗಂಟೆಯೂ ತನ್ನನ್ನು ಯಾರೋ ನೋಡಿ ಮೇಲಿನವರಿಗೆ ವರದಿ ಮಾಡುವುದು ಸಹಜವೆಂದು ಮಗು ಈ ಆಟದಿಂದ ಕಲಿಯುತ್ತದೆ ಎಂಬುದು ಅವರ ವಾದ. ಆಗ ಅನೇಕರು ನಕ್ಕರು, ಆಟವನ್ನು ಆಟವೆಂದು ನೋಡಿ ಎಂದರು. ಮೊಮ್ಮಗನನ್ನು ಕತ್ತಲಲ್ಲಿ ಕಂಡ ಮೇಲೆ ನಾನು ನಗಲಾರೆ.

ನೋಡುತ್ತಿದ್ದಾರೆಂಬ ನಂಬಿಕೆ ಮಕ್ಕಳ ಮೇಲೆ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಜೆರೆಡ್ ಪಿಯಾಜಾ, ಜೆಸ್ಸಿ ಬೆರಿಂಗ್ ಮತ್ತು ಗಾರ್ಡನ್ ಇಂಗ್ರಾಮ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮಕ್ಕಳಿಗೆ ಗುರಿಗೆ ಚೆಂಡು ಎಸೆಯುವ ಆಟ ಕೊಟ್ಟರು. ನಿಯಮ ಪಾಲಿಸಿದರೆ ಗೆಲ್ಲುವುದು ಅಸಾಧ್ಯವೆಂಬಷ್ಟು ಕಷ್ಟ, ಮೋಸ ಮಾಡಿದರೆ ಸುಲಭ. ಕೆಲವು ಮಕ್ಕಳಿಗೆ, ಆ ಖಾಲಿ ಕುರ್ಚಿಯಲ್ಲಿ ಕಣ್ಣಿಗೆ ಕಾಣದ ರಾಜಕುಮಾರಿ ಆಲಿಸ್ ಕೂತಿದ್ದಾಳೆ ಎಂದು ಹೇಳಿದ್ದರು. ಆಲಿಸ್ ಇದ್ದಾಳೆಂದು ನಂಬಿದ ಮಕ್ಕಳು, ನಿಜವಾದ ದೊಡ್ಡವರೊಬ್ಬರು ಎದುರಿಗೆ ಕೂತಿದ್ದರೆ ಹೇಗೋ ಹಾಗೆಯೇ, ಮೋಸದಿಂದ ದೂರ ನಿಂತರು. ಶಿಕ್ಷಕಿಯಾಗಿದ್ದ ನನಗೆ ಇದು ಆಶ್ಚರ್ಯವಲ್ಲ. ನಾನು ತರಗತಿಯಲ್ಲಿದ್ದಾಗ ಮೌನ, ಹೊರಗೆ ಕಾಲಿಟ್ಟೊಡನೆ ಗದ್ದಲ. ಕಣ್ಣಿಗೆ ಹೆದರಿ ಬರುವ ಮೌನ ಕಣ್ಣು ಸರಿದ ಮೇಲೆ ಉಳಿಯುವುದಿಲ್ಲ. ಡಿಸೆಂಬರ್ 24ಕ್ಕೆ ಹೊರಟುಹೋಗುವ ಗೊಂಬೆಯಿಂದ ವರ್ಷದ ಶಿಸ್ತು ಹುಟ್ಟುವುದಿಲ್ಲ.

ಮರುದಿನ ಬೆಳಿಗ್ಗೆ ಜಿಂಗಲಪ್ಪನ ಪಕ್ಕ ಇರುವೆಗಾತ್ರದ ಅಕ್ಷರದಲ್ಲಿ ಒಂದು ಚೀಟಿ ಇತ್ತು. 'ಸಾಂಟಾಗೆ ಇನ್ನು ವರದಿ ಬೇಡವಂತೆ. ನಾನು ಆಡಲು ಮಾತ್ರ ಬಂದಿದ್ದೇನೆ. ನಿನ್ನೆ ರಾತ್ರಿ ಒಂದು ಗಾಜಿನ ಗುಂಡು ನಾನೂ ಒಡೆದೆ, ಕ್ಷಮಿಸಿ.' ಪಕ್ಕದಲ್ಲಿ ನಿಜವಾಗಿಯೂ ಇನ್ನೊಂದು ಒಡೆದ ಗುಂಡು, ಕಾಗದದಲ್ಲಿ ಸುತ್ತಿ ಎತ್ತಿಟ್ಟಿದ್ದು. ಅವನ ಅಕ್ಕ, ನನ್ನ ಮೊಮ್ಮಗಳು, ಓದಿ ಹೇಳಿದಳು. ಹುಡುಗ ಅದನ್ನು ಎರಡು ಸಲ ಓದಿಸಿದ. ಆಮೇಲೆ ತಾನಾಗಿಯೇ ಅಮ್ಮನ ಬಳಿ ಹೋಗಿ, "ಮೊದಲನೇದು ನಾನು" ಎಂದ. ಮಗಳು ಅವನನ್ನು ಅಪ್ಪಿಕೊಂಡಳು. ಆ ದಿನದಿಂದ ಆ ಮನೆಯಲ್ಲಿ ವರದಿಯ ಮಾತು ಯಾರೂ ಎತ್ತಿಲ್ಲ.

ಮುಟ್ಟಬಾರದೆಂಬ ನಿಯಮವೂ ಕೆಲವು ಮಕ್ಕಳಿಗೆ ಭಾರವಾಗುತ್ತದೆ. ಮುಟ್ಟಿದರೆ ಮಾಯೆ ಹೋಗುತ್ತದೆಂದು ಪುಸ್ತಕದಲ್ಲಿದೆ. ನ್ಯೂಜೆರ್ಸಿಯ ಪುಟ್ಟ ಹುಡುಗಿಯೊಬ್ಬಳು ಅಕಸ್ಮಾತ್ ಗೊಂಬೆಗೆ ಕೈ ತಾಗಿಸಿ, ಗಾಬರಿಯಲ್ಲಿ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿದ್ದು ಅಲ್ಲಿನ ಪತ್ರಿಕೆಗಳಲ್ಲಿ ಬಂದಿತ್ತು. ಇದಕ್ಕೆ ಪರಿಹಾರಗಳೂ ಬಳಕೆಯಲ್ಲಿವೆ: ಕ್ಷಮೆ ಕೇಳಿ ಸಾಂಟಾಗೆ ಪತ್ರ, ಗೊಂಬೆಯ ಪಕ್ಕ ಚಿಟಿಕೆ ದಾಲ್ಚಿನ್ನಿ ಪುಡಿ, ಒಂದು ಕ್ರಿಸ್ಮಸ್ ಹಾಡು. ಈ ಪರಿಹಾರವನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡುವುದು ಒಳ್ಳೆಯದು. ತಪ್ಪಿಗೆ ಮದ್ದುಂಟೆಂದು ಗೊತ್ತಿರುವ ಮಗು ಕೈ ಬೆನ್ನ ಹಿಂದೆ ಕಟ್ಟಿಕೊಂಡರೂ ನಗುತ್ತಲೇ ನಿಲ್ಲುತ್ತದೆ.

ತಾಯಂದಿರ ದಣಿವಿನ ಮಾತೂ ಇದೆ. ಇಪ್ಪತ್ತಕ್ಕೂ ಹೆಚ್ಚು ರಾತ್ರಿ, ದಿನಕ್ಕೊಂದು ಹೊಸ ಕಲ್ಪನೆ, ಮರೆತರೆ ಬೆಳಿಗ್ಗೆ ಮಗುವಿನ ಸಪ್ಪೆ ಮುಖ. 2020ರಲ್ಲಿ ಕೊರೊನಾ ಇದ್ದಾಗ ಎಷ್ಟೋ ಮನೆಗಳಲ್ಲಿ ಎಲ್ಫ್ ಪುಟ್ಟ ಮಾಸ್ಕ್ ತೊಟ್ಟು ಬಂದು, ಗಾಜಿನ ಭರಣಿಯೊಳಗೆ ಕ್ವಾರಂಟೈನ್ ಕೂತಿತು. ಮಕ್ಕಳಿಗೆ ಅದು ತಮ್ಮದೇ ಕಥೆ, ಅಮ್ಮಂದಿರಿಗೆ ಅಷ್ಟು ರಾತ್ರಿ ಪೂರ್ತಿ ನಿದ್ದೆ. 2021ರ ನವೆಂಬರಿನಲ್ಲಿ ಅಟ್ಲಾಂಟಾಕ್ಕೆ ತಾಗಿದ ಕಾಬ್ ಕೌಂಟಿಯ ಮುಖ್ಯ ನ್ಯಾಯಾಧೀಶ ರಾಬರ್ಟ್ ಲಿಯೊನಾರ್ಡ್ ಎಲ್ಫ್‌ಗಳನ್ನು ಕೌಂಟಿಯಿಂದ ಗಡಿಪಾರು ಮಾಡುವ ಆದೇಶವೊಂದನ್ನು ತಮಾಷೆಗೆ ಹೊರಡಿಸಿ, ಇದು ದಣಿದ ತಂದೆತಾಯಿಗಳಿಗೆ ನನ್ನ ಉಡುಗೊರೆ ಎಂದರು. ಆಟ ಹುಟ್ಟಿದ ರಾಜ್ಯದಲ್ಲೇ ಹೊರಟ ಆದೇಶ. ತಂದೆಯರೂ ಪಾಳಿ ಹಂಚಿಕೊಂಡರೆ ಇಂಥ ಆದೇಶದ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ. ನಮ್ಮ ಅಳಿಯ ಒಂದು ರಾತ್ರಿ ಟಾಯ್ಲೆಟ್ ಪೇಪರ್ ಸುರುಳಿಗಳನ್ನು ಪೇರಿಸಿ ಹಿಮಮಾನವನನ್ನು ಕಟ್ಟಿದ, ಅದು ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿತ್ತು.

ದಿನವೂ ಉಡುಗೊರೆ ಹೊತ್ತು ಬರುವ ಎಲ್ಫ್‌ಗಳೂ ಇವೆ. ಅದನ್ನು ನಾನು ಒಪ್ಪುವುದಿಲ್ಲ. ಮಕ್ಕಳು ಶಾಲೆಯಲ್ಲಿ ಸೇರಿದಾಗ, ನಿಮ್ಮ ಎಲ್ಫ್ ಏನು ತಂದ ಎಂದು ಕೇಳಿಕೊಳ್ಳುತ್ತಾರೆ. ಒಬ್ಬನ ಎಲ್ಫ್ ಸೈಕಲ್ ತಂದರೆ, ಇನ್ನೊಬ್ಬನ ಎಲ್ಫ್ ಬರೀ ಹಿಟ್ಟಿನಲ್ಲಿ ಹೊರಳಾಡಿದರೆ, ಆ ಎರಡನೆಯ ಮಗು ತನ್ನನ್ನೇ ತಪ್ಪಿತಸ್ಥನೆಂದುಕೊಳ್ಳುತ್ತದೆ. ಅದಕ್ಕೆ ಮನೆಯ ಹಣಕಾಸು ಅರ್ಥವಾಗುವುದಿಲ್ಲ.

ಮಕ್ಕಳು ಇದನ್ನು ನಿಜಕ್ಕೂ ನಂಬುತ್ತಾರೆಯೇ? ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಹ್ಯಾರಿಸ್ ಮತ್ತು ಜೊತೆಗಾರರು 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ಕು ಮತ್ತು ಆರು ವರ್ಷದ ಮಕ್ಕಳಿಗೆ ಖಾಲಿ ಪೆಟ್ಟಿಗೆಯೊಂದನ್ನು ತೋರಿಸಿ, ಇದರಲ್ಲಿ ಮೊಲವೋ ರಾಕ್ಷಸನೋ ಇದೆಯೆಂದು ಊಹಿಸಿಕೊಳ್ಳಿ ಎಂದರು. ಅದು ಬರೀ ಊಹೆಯೆಂದು ಮಕ್ಕಳೇ ಹೇಳಿದರು. ಆದರೂ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟಾಗ ಅನೇಕರು ಆ ಪೆಟ್ಟಿಗೆಯ ಹತ್ತಿರ ಹೋಗಿ ನೋಡಿದರು. ರಾಕ್ಷಸನನ್ನು ಊಹಿಸಿಕೊಂಡ ನಾಲ್ಕು ವರ್ಷದ ಕೆಲವರು ಹೆದರಿ, ಬಿಟ್ಟು ಹೋಗಬೇಡಿ ಎಂದು ಹಟ ಹಿಡಿದರು. ಇಲ್ಲವೆಂದು ಗೊತ್ತು, ಇದ್ದರೆ ಎಂಬ ಆಸೆಯೂ ಬಿಡದು. ಬಾಲ್ಯದ ಆ ಇಬ್ಬಂದಿಯೊಳಗೇ ಈ ಆಟ ನಿಂತಿದೆ.

ಒಂಬತ್ತು ವರ್ಷದ ಮೊಮ್ಮಗಳು ಆ ಇಬ್ಬಂದಿಯ ಕೊನೆಯ ದಡದಲ್ಲಿದ್ದಳು. ಕ್ರಿಸ್ಮಸ್ಸಿಗೆ ಐದು ದಿನವಿದ್ದಾಗ, ನಾನು ನಡುರಾತ್ರಿ ಗೊಂಬೆಯ ತೋಳಿಗೆ ದಾರ ಕಟ್ಟುತ್ತಿದ್ದಾಗ ಮೆಟ್ಟಿಲ ಮೇಲೆ ಸದ್ದಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಬೆಳಿಗ್ಗೆ ಅವಳು ಎಂದಿಗಿಂತ ಜೋರಾಗಿ ಕೂಗಿ ತಮ್ಮನನ್ನು ಕರೆದು ತೋರಿಸಿದಳು. ಆ ರಾತ್ರಿ ಮೂರಕ್ಕೆ ನಾನು ಮೈದಾ ಡಬ್ಬಿಯ ಮುಚ್ಚಳ ತೆಗೆಯಲು ಹೋದರೆ, ಅದರ ಮೇಲೆ ಕಪ್ಪು ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಒಂದು ಜೊತೆ ಪುಟ್ಟ ಕನ್ನಡಕವಿತ್ತು. ಜಿಂಗಲಪ್ಪನ ಮೂಗಿಗೆ ಸರಿಯಾಗಿ ಕೂರುವಷ್ಟು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಮರುದಿನ ಅವನು ಕನ್ನಡಕ ತೊಟ್ಟು ತಮ್ಮನ ಚಿತ್ರಪುಸ್ತಕ ಓದುತ್ತ ಕೂತಿದ್ದ. ಮಗು ನೇರವಾಗಿ ಕೇಳಿದರೆ ಸುಳ್ಳು ಹೇಳಬಾರದೆಂಬುದು ನನ್ನ ನಿಲುವು. ಕೇಳದೆ ಜೊತೆಗೂಡಿದರೆ ಅದಕ್ಕೂ ಒಂದು ಕೆಲಸ ಕೊಡಬೇಕು.

ಬೆಂಗಳೂರಿನಲ್ಲೂ ಈಗ ಈ ಗೊಂಬೆ ಆನ್‌ಲೈನಿನಲ್ಲಿ ಸಿಗುತ್ತದೆ. ಅದೇ ಬೇಕೆಂದಿಲ್ಲ, ಕೆಂಪು ಬಟ್ಟೆಯ ತುಂಡು, ಹತ್ತಿ, ಎರಡು ಗುಂಡಿ ಇದ್ದರೆ ಒಂದು ಮಧ್ಯಾಹ್ನದಲ್ಲಿ ಹೊಲಿಯಬಹುದು. ಮನೆಯಲ್ಲಿ ಕ್ರಿಸ್ಮಸ್ ಆಚರಿಸುವವರು, ಮಕ್ಕಳ ಖುಷಿಗೆಂದು ಗೊಂಬೆ ತರುವವರು, ದೂರದೂರಲ್ಲಿ ಮೊಮ್ಮಕ್ಕಳಿರುವ ಅಜ್ಜ ಅಜ್ಜಿಯರು ದಯವಿಟ್ಟು ಒಂದು ಮಾತು ನಡೆಸಿಕೊಡಿ. ಆ ಗೊಂಬೆಯ ಕೈಯಿಂದ ಮಕ್ಕಳ ಮೇಲಿನ ದೂರಿನ ಪಟ್ಟಿಯನ್ನು ಕಿತ್ತುಕೊಳ್ಳಿ. ಸಾಂಟಾಗೆ ಹೇಳುತ್ತಾನೆಂಬ ಬೆದರಿಕೆ ಒಂದು ದಿನವೂ ಬೇಡ. ಉಳಿದದ್ದಕ್ಕೆ ಎರಡು ಹಿಡಿ ಹಿಟ್ಟು, ಒಂದು ಗಜ ದಾರ, ಅರ್ಧ ಗಂಟೆಯ ನಿದ್ದೆ ಸಾಕು.